ಸಂಡಿಗೆ ಹಾಳೆಯ ಮೇಲಿನ ನೀಲಿ ಸೂಟ್‌ಕೇಸ್

ನೀಲಾಂಬಿಕಾ ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಒತ್ತುತ್ತಿದ್ದಳು. ಗದಗಿನ ಏಪ್ರಿಲ್ ಗಾಳಿಗೆ ಪ್ಲಾಸ್ಟಿಕ್ ಹಾಳೆಯ ಮೂಲೆ ಏಳುತ್ತಲೇ ಇತ್ತು. ಕಲ್ಲು ಸಿಗದೆ, ಬಿಸಿಲಿಗೆ ಇಟ್ಟಿದ್ದ ನನ್ನನ್ನೇ ಎಳೆದು ಅದರ ಮೇಲಿಟ್ಟಳು. ನಾನು ಒಂದು ನೀಲಿ ಸೂಟ್‌ಕೇಸ್. ಮೂರು ಸಲ ಅಂಡಮಾನ್ ನೋಡಿದ್ದೇನೆ. ಅವಳು ಒಮ್ಮೆಯೂ ಇಲ್ಲ.

ನಾನು ಹುಟ್ಟಿದ್ದು ನಾಸಿಕ್ ಕಡೆಯ ಕಾರ್ಖಾನೆಯಲ್ಲಿ. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯ ಅಂಗಡಿಯಲ್ಲಿ ನೀಲಾಂಬಿಕಾ ನನ್ನನ್ನು ಉರುಳಿಸಿ ನೋಡಿ, "ಸಮುದ್ರಕ್ಕ ಹೋಗೋದೈತ್ರಿ" ಎಂದು ಅಂಗಡಿಯವನಿಗೆ, ಅವನು ಕೇಳದಿದ್ದರೂ, ಹೇಳಿದ್ದಳು. ಮನೆಗೆ ಬಂದವಳೇ ತನ್ನ ಹೆಸರು ಬರೆದ ಚೀಟಿಯನ್ನು ನನ್ನ ಹಿಡಿಕೆಗೆ ಕಟ್ಟಿದಳು.

ಪ್ರತಿ ವರ್ಷ ಅವಳು ಅಂಡಮಾನ್ ಎಂದಾಗ ಗಂಡ ಈರಣ್ಣ ಹವಾಮಾನ ಹೇಳಿದ. "ಏಪ್ರಿಲ್‌ದಾಗ ಅಲ್ಲಿ ಬಿಸಿಲು ಚರ್ಮ ಸುಲಿತೈತಿ. ಮೇ ಕಡೀಕ ಮಳಿ ಹಿಡಿತೈತಿ. ಮತ್ತ ಸಂಡಗಿ ಯಾರು ಒತ್ತೋರು?"

ಹೋದದ್ದು ಅವನ ತಮ್ಮನ ಹೆಂಡತಿ ಶೈಲಜಾ. ನನ್ನನ್ನು ಎರವಲು ಪಡೆದು, ಅದೂ ಏಪ್ರಿಲ್‌ನಲ್ಲೇ. ಆ ಬಿಸಿಲು ನನಗೆ ಗೊತ್ತು. ಬೆಳಿಗ್ಗೆ ತಳದ ಮರಳು ಕಾಣುವಷ್ಟು ತಿಳಿಯಾದ ನೀರು. ಮಧ್ಯಾಹ್ನ ಒಂದು ಮಳೆ, ಯಾರದೋ ಮನೆಗೆ ತಪ್ಪಿ ಬಂದಂತೆ ಬಂದು ಹೋಗುತ್ತಿತ್ತು.

ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸಬಾರದು, ಅದು ಆ ಮನೆತನದ ರೂಢಿ. ಮೊದಲ ಸಲ ಶೈಲಜಾ ನನ್ನೊಳಗೆ ಚಿಪ್ಪಿನ ಸರ ಇಟ್ಟು ಕೊಟ್ಟಳು, ಆಮೇಲೊಮ್ಮೆ ಸೋಪು. ಹೋದ ವರ್ಷ ಅಗಲ ಅಂಚಿನ ಹುಲ್ಲಿನ ಟೋಪಿ.

"ಸಂಡಗಿ ಒತ್ತೂವಾಗ ಹಾಕ್ಕೊರಿ ಅಕ್ಕಾ, ಬಿಸಿಲು ಹತ್ತಂಗಿಲ್ಲ."

ಪ್ರೀತಿಯಿಂದಲೇ ಹೇಳಿದಳು. ಅದಕ್ಕೇ ನೀಲಾಂಬಿಕಾಳಿಗೆ ಹೆಚ್ಚು ಉರಿಯಿತು. ಶೈಲಜಾ ಹೋದ ಮೇಲೆ ಅವಳು ನನ್ನ ಅಸ್ತರಿನ ಮೂಲೆಯ ಮರಳನ್ನು ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ನನ್ನನ್ನು ಕಾಲಿನಿಂದ ಮಂಚದ ಕೆಳಗೆ ಜೋರಾಗಿ ತಳ್ಳಿದಳು. ಓರಗಿತ್ತಿಗಿಂತ ನನ್ನ ಮೇಲೆಯೇ ಅವಳಿಗೆ ಹೊಟ್ಟೆಕಿಚ್ಚು. ಅವಳ ಹೆಸರು ಹೊತ್ತುಕೊಂಡು ಅವಳ ಕಡಲು ನೋಡಿ ಬಂದದ್ದು ನಾನಲ್ಲವೇ?

ಈಗ ಫೋನು ಬಂತು. ಕೈಗೆ ಹಿಟ್ಟಾಗಿದ್ದರಿಂದ ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ಅಕ್ಕಾ, ಮುಂದಿನ ವಾರ ಮತ್ತ ಹೊಂಟೇವಿ! ನೀಲಿ ಪೆಟಿಗಿ ಕಳಸ್ರಿ. ಬರೇ ಕಳಸಬ್ಯಾಡ್ರಿ ಮತ್ತ, ಸಂಡಗಿ ಡಬ್ಬಿ ಅದರಾಗ ಇಡ್ರಿ."

"ಅದರ ಗಾಲಿ ಮುರದೈತಿ, ಶೈಲಾ."

"ಅಯ್ಯ, ಯಾವಾಗ?"

"ಈಗ."

ಕರೆ ಮುಗಿದ ಮೇಲೆ ಕೈ ತೊಳೆದು ಬಂದು ನನ್ನ ಗಾಲಿಯೊಂದನ್ನು ಬೆರಳಿನಿಂದ ತಿರುಗಿಸಿದಳು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ತಲೆಯ ಮೇಲಿದ್ದ ಹುಲ್ಲಿನ ಟೋಪಿ ತೆಗೆದು, ಹಿಟ್ಟು ಝಾಡಿಸಿ, ನನ್ನೊಳಗಿಟ್ಟಳು.

ನನಗೂ ವಯಸ್ಸಾಗಿದೆ. ಜಿಪ್ಪು ಕಚ್ಚುತ್ತದೆ, ಬಣ್ಣ ಮಾಸಿದೆ. ಇನ್ನೊಂದು ಪಯಣ ತಾಳಿಕೊಂಡೇನು.

"ಮುಗೀತೇನ ಸಂಡಗಿ?" ಕೆಳಗಿನಿಂದ ಈರಣ್ಣ ಕೂಗಿದ.

"ಈ ವರ್ಷದ್ದು ಮುಗೀತು" ಎಂದಳು. ಅರ್ಧ ಹಿಟ್ಟು ಇನ್ನೂ ಪಾತ್ರೆಯಲ್ಲೇ ಇತ್ತು. ನನ್ನನ್ನು ಎತ್ತಿಕೊಂಡಾಗ ಹಾಳೆಯ ಮೂಲೆ ಗಾಳಿಗೆ ಎದ್ದಿತು. ಅವಳು ತಿರುಗಿ ನೋಡಲಿಲ್ಲ. ಮೆಟ್ಟಿಲ ಮೇಲೆ ನಿಂತು, ಮಾಸಿದ್ದ ಚೀಟಿಯನ್ನು ಬಿಚ್ಚಿ, ಹೊಸದೊಂದರಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ಬರೆದು ಕಟ್ಟಿದಳು.