ಬೊಡ್ಡೆಗೆ ಹಚ್ಚದ ಔಷಧಿ

ಹೊರದೇಶದಿಂದ ಬಂದ ಜಾಲಿ ಹೊಳೆಯ ನೀರನ್ನೆಲ್ಲ ಹೀರಿ, ದಂಡೆಯಲ್ಲಿ ಒಂದು ಹುಲ್ಲನ್ನೂ ಉಳಿಸಿರಲಿಲ್ಲ. ಅದನ್ನು ಕಡಿಯುವ ಕೆಲಸಕ್ಕೆ ಅಣ್ಣ ತಮ್ಮ ಇಬ್ಬರೂ ಸೇರಿದರು. ಮೇಸ್ತ್ರಿ ಮೋಟಾರ್ ಗರಗಸವನ್ನು ತಮ್ಮನಿಗೆ ಕೊಟ್ಟ. ಅದಕ್ಕಾಗಿ ಕಾದಿದ್ದ ಅಣ್ಣನಿಗೆ ಸಿಕ್ಕಿದ್ದು ಬೇರು ಸಾಯಿಸುವ ಔಷಧಿಯ ಡಬ್ಬಿ ಮತ್ತು ಬ್ರಷ್. ಕಡಿದ ಬೊಡ್ಡೆಗೆ ಹಸಿ ಆರುವ ಮೊದಲೇ ಔಷಧಿ ಹಚ್ಚಬೇಕು, ಇಲ್ಲದಿದ್ದರೆ ಒಂದು ಮರವಿದ್ದಲ್ಲಿ ಹತ್ತು ಚಿಗುರು ಏಳುತ್ತವೆ.

"ಏನ್ ಕೈ ಕಣೋ ನಿನ್ ತಮ್ಮಂದು! ಬೆಣ್ಣೆ ಕೊಯ್ದಂಗೆ ಕೊಯ್ತಾನೆ," ಎಂದ ಮೇಸ್ತ್ರಿ.

"ಹೂಂ, ಅವನಿಗೆ ನಡೆಯೋಕೆ ಕಲಿಸಿದ್ದೂ ನಾನೇ," ಎಂದು ಅಣ್ಣ ಹಲ್ಲು ಕಡಿದ.

ಹೊಟ್ಟೆ ಧಗಧಗ ಉರಿಯಿತು. ಚಿಗುರು ಎದ್ದರೆ ಕಡಿದವನ ಮಾನ ಹೋಗುತ್ತದೆ ಎಂದುಕೊಂಡು ತಮ್ಮ ಕಡಿದಿದ್ದ ಸಾಲಿನ ಬೊಡ್ಡೆಗಳನ್ನು ಔಷಧಿ ಹಚ್ಚದೆ ಹಾಗೇ ಬಿಟ್ಟ. ಬೈಸಿಕೊಳ್ಳುವವನು ಹಚ್ಚುವವನೇ ಎಂಬುದು ಆ ಉರಿಯಲ್ಲಿ ತಲೆಗೆ ಹೋಗಲಿಲ್ಲ.

ಮಳೆ ಬಿದ್ದ ಮೇಲೆ ದಂಡೆ ಮತ್ತೆ ಮುಳ್ಳಿನ ಪೊದೆಯಾಯಿತು. ಮೇಸ್ತ್ರಿ ಕೆಂಡವಾದ. "ಔಷಧಿ ಹಚ್ಚಿದ್ದು ಯಾವನೋ?"

ಅಣ್ಣ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. ಅಷ್ಟರಲ್ಲಿ ತಮ್ಮ ಮುಂದೆ ಬಂದ. "ತಪ್ಪು ನಂದೇ ಮೇಸ್ತ್ರಿ. ನಾನು ದಡಬಡ ಕಡ್ಕೊಂಡು ಹೋದೆ, ಅಣ್ಣಂಗೆ ನನ್ ಹಿಂದೆ ಬರೋಕೇ ಆಗ್ಲಿಲ್ಲ."

ಮೇಸ್ತ್ರಿ ಗರಗಸವನ್ನು ಕಿತ್ತು ಅಣ್ಣನಿಗೆ ಕೊಟ್ಟು, ತಮ್ಮನ ಕೈಗೆ ಬ್ರಷ್ ತುರುಕಿದ.

ಅಣ್ಣ ಮರದ ಮೇಲೆ ಮರ ಉರುಳಿಸಿ, ಹೊಗಳಿಕೆಗಾಗಿ ತಿರುಗಿ ನೋಡಿದ. ಮೇಸ್ತ್ರಿ ಇವನಿಗೆ ಬೆನ್ನು ಹಾಕಿ, ಮಂಡಿಯೂರಿ ಔಷಧಿ ಹಚ್ಚುತ್ತಿದ್ದ ತಮ್ಮನನ್ನು ನೋಡುತ್ತ ನಿಂತಿದ್ದ.

"ಒಂದ್ ತೊಟ್ಟೂ ಚೆಲ್ಲಲ್ವಲ್ಲೋ ನೀನು!"

ನನ್ನ ತಪ್ಪನ್ನೂ ತಾನೇ ಬಾಚಿಕೊಂಡ, ಈಗ ಹೊಗಳಿಕೆಯನ್ನೂ ಬಾಚಿಕೊಂಡನಲ್ಲ ಎಂದು ಅಣ್ಣನಿಗೆ ಗರಗಸವನ್ನೇ ಹೊಳೆಗೆ ಎಸೆಯಬೇಕೆನ್ನಿಸಿತು.