ಬಡಿತಕ್ಕೆ ಕಾದ ಏಟು

ನಾನು ಒಂದು ಇಸಿಜಿ ಮಾನಿಟರ್. ಮೈಸೂರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಎದೆಗೆ ಅಂಟಿಸಿದ ತಂತಿಗಳಿಂದ ಹೃದಯದ ಬಡಿತ ಹಿಡಿದು ಹಸಿರು ಗೆರೆಯಾಗಿ ತೋರಿಸುವುದು, ಕಾಗದದ ಮೇಲೆ ಬರೆದುಕೊಡುವುದು, ತಾಳ ತಪ್ಪಿದರೆ ಕೂಗುವುದು, ಇಷ್ಟೇ ನನಗೆ ಬರುವ ಕೆಲಸ.

ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ವಾರ್ಡಿನಲ್ಲಿ ಆರು ವರ್ಷ ದುಡಿದೆ. ಹೊಸ ಮಾನಿಟರುಗಳು ಬಂದಾಗ ನನ್ನನ್ನು ಕಿಡ್ನಿ ಕಲ್ಲು ಒಡೆಯುವ ಕೋಣೆಗೆ ತಳ್ಳಿದರು. ಅಲ್ಲಿದ್ದ ದೊಡ್ಡ ಯಂತ್ರ ಮೈ ಕೊಯ್ಯದೆ, ಹೊರಗಿನಿಂದಲೇ ಆಘಾತದ ಅಲೆ ಕಳಿಸಿ ಕಲ್ಲನ್ನು ಪುಡಿ ಮಾಡುತ್ತಿತ್ತು. ಆದರೆ ಅದು ಏಟು ಹಾಕಲು ನನ್ನ ಅಪ್ಪಣೆ ಬೇಕಿತ್ತು. ಹೃದಯ ಬಡಿದ ಕೂಡಲೇ ನಾನು ಕೇಬಲ್ಲಿನಲ್ಲಿ ಸನ್ನೆ ಕಳಿಸುತ್ತಿದ್ದೆ. ಆಗ ಒಂದು ಏಟು. ಹೊತ್ತಲ್ಲದ ಹೊತ್ತಿನಲ್ಲಿ ಏಟು ಬಿದ್ದರೆ ಹೃದಯದ ತಾಳ ತಪ್ಪಬಹುದು. ಇದನ್ನು ನನ್ನಷ್ಟೇ ಚೆನ್ನಾಗಿ ಬಲ್ಲವಳು ಟೆಕ್ನಿಷಿಯನ್ ಫಕೀರವ್ವ.

ಒಂದು ಬೆಳಿಗ್ಗೆ ಹಸೀನಾ ಎಂಬ ಬಸ್ ಕಂಡಕ್ಟರ್ ಬಂದು ಮಲಗಿದಳು.

"ನೀರು ಕುಡಿಯೂದಿಲ್ಲೇನವಾ?" ಎಂದು ಫಕೀರವ್ವ ಕೇಳಿದಳು.

"ಕುಡದ್ರ ಇಳೀಬೇಕಾಗ್ತೈತ್ರೀ ಅಕ್ಕಾರ. ಹೆಣ್ಮಕ್ಕಳಿಗೆ ದಾರ್ಯಾಗ ಜಾಗ ಎಲ್ಲೈತಿ?"

ಹೊರಗೆ ಇನ್ನೂ ಏಳು ಮಂದಿ ಕಾಯುತ್ತಿದ್ದರು. ಡಾಕ್ಟರ್ ಇನಾಮದಾರರು ನನ್ನಿಂದ ಯಂತ್ರಕ್ಕೆ ಹೋಗುವ ಕೇಬಲ್ ಕಿತ್ತರು; ಎದೆಯ ತಂತಿಗಳು ಮಾತ್ರ ಹಾಗೇ ಉಳಿದವು. "ಬಡಿತ ಕಾಯ್ಕೋಂತ ಕುಂತ್ರ ಸಂಜೀ ಆಗ್ತೈತಿ. ಯಂತ್ರ ತನ್ನಷ್ಟಕ್ಕ ತಾನು ಹೊಡೀಲಿ."

ಏಟುಗಳು ಬಿರುಸಾಗಿ ಬೀಳತೊಡಗಿದವು. ನನ್ನ ಗೆರೆಯಲ್ಲಿ ಅಗಲವಾದ, ಸೊಟ್ಟ ಬಡಿತವೊಂದು ಮೂಡಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಆಮೇಲೆ ಮೂರು, ಒಂದರ ಬೆನ್ನಿಗೊಂದು. ನಾನು ಗಂಟಲು ಹರಿಯುವಂತೆ ಕೂಗಿದೆ.

"ಎದಿಯಾಗ ಏನೋ ಪುಟಿದಂಗ ಆತ್ರೀ..." ಎಂದಳು ಹಸೀನಾ.

ಫಕೀರವ್ವ ಯಂತ್ರ ನಿಲ್ಲಿಸಿಬಿಟ್ಟಳು.

"ಆ ಡಬ್ಬಿ ಒದರತೈತಂತ ನಿಲ್ಲಿಸಿದಿ? ಚಾಲೂ ಮಾಡು," ಎಂದು ಡಾಕ್ಟರು ಗದರಿದರು.

"ಮಾಡೂದಿಲ್ರೀ ಸರ್. ಡಬ್ಬಿ ಸುಳ್ಳಂದ್ರ ಈ ಕೈ ಹಿಡದು ನೋಡ್ರಿ."

ಡಾಕ್ಟರು ಸಿಟ್ಟಿನಿಂದಲೇ ಹಸೀನಾಳ ನಾಡಿ ಹಿಡಿದರು. ಬೆರಳ ಕೆಳಗೆ ಅದು ಓಡಿತು, ತಡವರಿಸಿತು, ಒಂದು ಕ್ಷಣ ನಿಂತೇ ಹೋದಂತಾಗಿ ಮತ್ತೆ ಮಿಡಿಯಿತು. ತಾಳ ಹತೋಟಿಗೆ ಬರುವವರೆಗೂ ಅವರು ಆ ಕೈ ಬಿಡಲಿಲ್ಲ.

"ಕೇಬಲ್ ಹಚ್ಚು," ಎಂದರು ಮೆಲ್ಲಗೆ.

ನಲವತ್ತು ನಿಮಿಷ ಹೆಚ್ಚು ಹಿಡಿಯಿತು. ಕಲ್ಲು ಪುಡಿಯಾಯಿತು, ನನ್ನ ಗೆರೆ ಮತ್ತೆ ಕೆಡಲಿಲ್ಲ. ಹೋಗುವಾಗ ಹಸೀನಾ ಡಾಕ್ಟರರಿಂದ "ಗಂಟೆಗೊಮ್ಮೆ ನೀರು, ಬಸ್ ನಿಲ್ಲಲೇಬೇಕು" ಎಂದು ಬರೆಸಿಕೊಂಡೇ ಹೊರಟಳು.

ಡಾಕ್ಟರರ ಮಾತು ಮೀರಿದ್ದಕ್ಕೆ ಆಡಳಿತದವರು ಫಕೀರವ್ವನಿಗೆ ನೋಟಿಸ್ ಕೊಟ್ಟರು. ಆ ದಿನ ನಾನು ಕಾಗದದ ಮೇಲೆ ಬರೆದುಕೊಟ್ಟಿದ್ದ ಸೊಟ್ಟ ಗೆರೆಯನ್ನೇ ಆಕೆ ಉತ್ತರವಾಗಿ ಅಂಟಿಸಿ ಕಳಿಸಿದಳು. ಮತ್ತೆ ಯಾರೂ ಕೇಳಲಿಲ್ಲ.

ಈಗ ನನ್ನ ಪರದೆ ಅರ್ಧ ಕಪ್ಪಾಗಿದೆ. ತರಬೇತಿ ಕೋಣೆಯ ಮೂಲೆಯಲ್ಲಿದ್ದೇನೆ. ಆ ಕೋಣೆಯ ಉಸ್ತುವಾರಿ ನೋಡುವ ಫಕೀರವ್ವ ಹೊಸ ಹುಡುಗಿಯರಿಗೆ ನನ್ನನ್ನು ತೋರಿಸಿ ಹೇಳುತ್ತಾಳೆ: "ಮುಂದ ಯಾರಽ ನಿಂತಿರ್ಲಿ, ಗೆರಿ ತಪ್ಪಿತಂದ್ರ ಮೊದಲ ನಿಲ್ಲಸ್ರಿ. ಮಾತು ಆಮ್ಯಾಲ."

ನನ್ನನ್ನು ಗುಜರಿಗೆ ಹಾಕುವ ಪತ್ರ ಎರಡು ಸಲ ಬಂದಿದೆ. ಎರಡು ಸಲವೂ ಆಕೆ ಸಹಿ ಹಾಕಿಲ್ಲ.