ರೆಕಾರ್ಡಿನಲ್ಲಿಲ್ಲದ ಚರಣ

ಲಿಸ್ಬನ್ ಹತ್ತಿರದ ಸೆತೂಬಲ್ ಊರಿನ ದೋಣಿಕಟ್ಟೆಯಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತನಾದ ಅಡೆಲೀನುವಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಅದೂ ಮೀನು ಹುರಿಯುವ ಹೊತ್ತಿನಲ್ಲಿ.

ರೇಡಿಯೋದಲ್ಲಿ ಹಳೆಯ ರಾಕ್ ಹಾಡೊಂದು ಬರುತ್ತಿತ್ತು. ಅದೇ ಊರಿನ ಎರ್ಮೀನಿಯು ಹಾಡಿದ್ದು. ಬೇಸಿಗೆಗೆ ಬಂದ ಹುಡುಗಿಯೊಡನೆ ಮೂರು ದಿನದ ಪ್ರೀತಿ, ನಾಲ್ಕನೆಯ ದಿನ ಅವಳು ಅಳುತ್ತಾ ರೈಲು ಹತ್ತುತ್ತಾಳೆ, ಅಷ್ಟೇ ಕಥೆ. ಹಾಡು ಮುಗಿದ ಮೇಲೂ ಹೆಂಡತಿ ಗ್ರಸಿಯೆಟ್ ಗುನುಗುತ್ತಲೇ ಇದ್ದಳು: 'ಅಳಲಿಲ್ಲ ನಾನು, ಕಿಟಕಿಯಾಚೆ ನಿನ್ನ ಊರೇ ಓಡಿಹೋಯಿತು...'

"ಈ ಸಾಲು ಹಾಡಲ್ಲಿ ಇಲ್ವಲ್ಲೇ?"

"ಇರ್ಬೇಕು ಬಿಡು. ಆ ನಿಂಬೆಹಣ್ಣು ಕೊಡಿಲ್ಲಿ."

ಅವನು ಮನೆಯಲ್ಲಿದ್ದ ರೆಕಾರ್ಡನ್ನು ಎರಡು ಸಲ ಹಾಕಿ ಕೇಳಿದ. ಆ ಸಾಲು ಇರಲಿಲ್ಲ. ಹಾಡು ಬಂದ ವರ್ಷ ಇಬ್ಬರಿಗೂ ಮದುವೆ ಗೊತ್ತಾಗಿತ್ತು, ಅವನು ಮಾತ್ರ ದೂರದ ಸೇನಾ ಶಿಬಿರದಲ್ಲಿದ್ದ. ತಲೆಯೊಳಗೆ ಹುಳ ಹೊಕ್ಕಿತು. ಅವಳು ಮಾರುಕಟ್ಟೆಗೆ ಹೋದಾಗ ಹೊಲಿಗೆ ಡಬ್ಬ ತಡಕಿದ. ಗುಂಡಿಗಳು, ದಾರದುಂಡೆ, ಮಗಳ ಹಾಲುಹಲ್ಲು.

ಕೊನೆಗೆ ಎರ್ಮೀನಿಯುವನ್ನೇ ಹುಡುಕಿಕೊಂಡು ಹೋದ. ಮುದಿ ಗಾಯಕ ಬಂದರಿನ ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದ.

"ಹಾಡಿನ ಆ ಹುಡುಗಿ ಯಾರು?"

"ಎಷ್ಟು ಜನ ಗಂಡಂದಿರು ಕೇಳಿದ್ದಾರೆ ಗೊತ್ತಾ ಯಜಮಾನ್ರೇ! ಲಿಸ್ಬನ್‌ನವಳು. ಹೆಸರೂ ಮರೆತೋಗಿದೆ. ಮರೆತುಹೋಗೋದೇ ಆ ಹಾಡಿನ ಅರ್ಥ."

ಅಡೆಲೀನು ಆ ಸಾಲು ಹೇಳಿದ. ಎರ್ಮೀನಿಯು ಎಲೆಗಳನ್ನು ಮೇಜಿನ ಮೇಲಿಟ್ಟ.

"ನಾವು ಅಭ್ಯಾಸ ಮಾಡ್ತಿದ್ದ ಗೋದಾಮಿನ ಪಕ್ಕ ಮೀನು ಡಬ್ಬಿಗೆ ತುಂಬೋ ಕಾರ್ಖಾನೆ ಇತ್ತು. ಅಲ್ಲಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಬೈದ್ಲು, 'ಹೋಗೋಳು ಯಾಕಪ್ಪಾ ಅಳ್ಬೇಕು? ಉಳಿದೋನು ನೀನು ಅಳು!' ಅಂತ. ಮಾರನೇ ದಿನ ಒಂದು ಚರಣ ಬರೆದು ತಂದುಕೊಟ್ಲು. ನನ್ನದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಹಾಡಲಿಲ್ಲ."

ಮದುವೆಗೆ ಮೊದಲು ಗ್ರಸಿಯೆಟ್ ಕೆಲಸಕ್ಕಿದ್ದದ್ದು ಅದೇ ಕಾರ್ಖಾನೆಯಲ್ಲಿ. ಅಡೆಲೀನುವಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದವನೇ ಕೇಳಿದ:

"ನೀನು ಪದ್ಯ ಬರೀತಿದ್ಯಾ?"

"ಬರೀತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಲವತ್ತು ವರ್ಷದಲ್ಲಿ ನೀನು ಕೇಳ್ತಿರೋದು ಇವತ್ತೇ."

"ಸರಿ, ರೈಲಲ್ಲಿ ಹೋಗೋಳಿಗೆ ಏನನ್ನಿಸುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಗ್ರಸಿಯೆಟ್ ಬಟ್ಟೆ ಮಡಿಸುತ್ತಲೇ ಹೇಳಿದಳು: "ಕೋಯಿಂಬ್ರಾ ಊರಲ್ಲಿ ಒಬ್ಬ ಇದ್ದ. ಮೂರು ದಿನ ಅಲ್ಲ, ಎರಡೇ."

ಅಷ್ಟು ಹೇಳಿ ನಕ್ಕಳು. ತಮಾಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಚರಣವನ್ನು ಪೂರ್ತಿ ಹಾಡು ಅಂದ. ಅವಳು ಹಾಡಿದಳು. ಅವನು ಒಂದೊಂದು ಪದವನ್ನೂ ಅನುಮಾನದಿಂದಲೇ ಕೇಳಿ, "ಇನ್ನೊಂದ್ಸಲ" ಅಂದ.